ಅರ್ಧ ಬಂದ ಹದಿನಾಲ್ಕು

ಹೊಳೆ ನಮಗೆ ಹೇಳದೆ ಬರಲಿಲ್ಲ. ಹೇಳಿಯೇ ಬಂತು. ಅದು ಹೇಳಿ ಮುಗಿಸುವ ಮೊದಲೇ ನಾವು ಎದ್ದು ಹೋದೆವು. ಆಮೇಲೆ ಊರಲ್ಲಿ ಯಾರ್ಯಾರೋ ಏನೇನೋ ಅಂದರು. ದೇವರ ಸಿಟ್ಟು ಅಂದರು, ಕಂಪ್ಯೂಟರಿಗೆ ದೆವ್ವ ಹೊಕ್ಕಿತ್ತು ಅಂದರು, ನನ್ನ ಸೊಸೆಯ ಕಾಲ್ಗುಣ ಅಂದರು. ಯಾವುದೂ ಅಲ್ಲ. ಒಂದು ಅಂಕಿ ಅರ್ಧ ಬಂದಿತ್ತು. ಅದನ್ನು ಪೂರ್ತಿ ಎಂದು ತಿಳಿದೆವು. ನಡೆದದ್ದು ಅಷ್ಟೇ.

ನಾನು ಕಲಿತದ್ದು ಮೂರನೆಯ ಇಯತ್ತೆ. ಅಂಕಿ ಚೆನ್ನಾಗಿ ಓದುತ್ತೇನೆ, ಅಕ್ಷರ ಕೂಡಿಸಿ ಕೂಡಿಸಿ ಓದುತ್ತೇನೆ. ಇದನ್ನು ಬರೆಯಲು ಬಹಳ ದಿನ ಹಿಡಿದಿದೆ. ತಪ್ಪಿದ್ದರೆ ತಿದ್ದಿಕೊಳ್ಳಿ, ಆದರೆ ಮೆತ್ತಗೆ ಮಾಡಬೇಡಿ.

ಚೊಳಚಗುಡ್ಡಕ್ಕೂ ಶಿವಯೋಗ ಮಂದಿರಕ್ಕೂ ನಡುವೆ, ಮಲಪ್ರಭೆಯ ದಂಡೆಗೆ ನಮ್ಮ ಊರು. ಊರ ಕೆಳಗೆ, ಹೊಳೆಗೆ ಹತ್ತಿರ, ನೇಕಾರರ ಸಂಘದ ಮಗ್ಗದ ಮನೆ. ಎಂಟು ಮಗ್ಗ, ಎಲ್ಲವೂ ಕುಣಿ ಮಗ್ಗ. ನೆಲದಲ್ಲಿ ಕುಣಿ ತೋಡಿ, ಅದರೊಳಗೆ ಕಾಲು ಇಳಿಬಿಟ್ಟು ಕೂತು ನೇಯುವುದು. ನೇಯುವವರೆಲ್ಲ ಹೆಂಗಸರು. ಇಳಕಲ್ಲಿನಿಂದ ಬಂದ ನೂಲು ರೇಷ್ಮೆ ಹಂಚುವುದು, ನೇಯ್ದದ್ದನ್ನು ನೋಡಿ ತಪ್ಪು ಹಿಡಿಯುವುದು, ಬೈಯುವುದು ನನ್ನ ಕೆಲಸ. ನನ್ನ ಸೊಸೆ ಲಾಳಿಗೆ ಹಾಕುವ ನೂಲಿನ ಕಂಡಿಕೆ ಸುತ್ತುತ್ತಿದ್ದಳು; ಹತ್ತನೆಯ ಇಯತ್ತೆ ಓದಿದ್ದರಿಂದ ಕಂಪ್ಯೂಟರೂ ಅವಳ ಪಾಲಿಗೆ ಬಿತ್ತು.

ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷ ಆಗಿತ್ತು. ಸಂಘದವರು ಕಂಪ್ಯೂಟರು ತಂದಿಟ್ಟದ್ದು ಸೀರೆಯ ದಡಿಯ ನಮೂನೆಗಾಗಿ. ಮೊದಲು ನಮೂನೆಯನ್ನು ಕಾಗದದ ಮೇಲೆ ಬರೆದು ಯಾರಾದರೂ ಬಸ್ಸಿನಲ್ಲಿ ತರುತ್ತಿದ್ದರು. ಈಗ ಚಿತ್ರ ಫೋನಿನ ತಂತಿಯಲ್ಲಿ ಬರತೊಡಗಿತು. ಒಮ್ಮೆಲೇ ಬರುತ್ತಿರಲಿಲ್ಲ. ಪರದೆಯ ಮೇಲ್ತುದಿಯಿಂದ ಒಂದೊಂದು ಪಟ್ಟಿಯಾಗಿ ಇಳಿಯುತ್ತಿತ್ತು, ಗೋಡೆಗೆ ಸುಣ್ಣ ಹಚ್ಚಿದಂತೆ. ನಾವು ಪೂರ್ತಿ ಇಳಿಯುವ ತನಕ ಕಾಯುತ್ತಿರಲಿಲ್ಲ. ಮೇಲಿನ ಪಟ್ಟಿಯಲ್ಲಿ ಹಳದಿ ಕಂಡರೆ ಸೊಸೆ ಹಳದಿ ಕಂಡಿಕೆಗೆ ಕೈ ಹಾಕುವಳು. ಹೂವಿನ ಅರ್ಧ ಬಂದು ಲೈನು ಕಡಿದರೆ ಯಾರೂ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಅರ್ಧ ಕಂಡರೂ ಹೂವು ಹೂವೇ, ಉಳಿದರ್ಧ ಹೇಗಿರುತ್ತದೆಂದು ನೇಯುವವರಿಗೆ ಗೊತ್ತು. ಬಂದಷ್ಟರಲ್ಲಿ ಕೆಲಸ ಶುರು ಮಾಡುವುದು ನಮಗೆ ಹೀಗೆ ರೂಢಿಯಾಯಿತು.

ಮಳೆಗಾಲಕ್ಕೆ ಮುಂಚೆ ಸಂಘದ ಕಾರ್ಯದರ್ಶಿಗೆ ಇನ್ನೊಂದು ಯೋಚನೆ ಹೊಳೆಯಿತು. ಹೊಳೆಯ ಮೇಲಿನಿಂದ ಕೆಳತನಕ, ಹುನಗುಂದದ ಕಡೆವರೆಗೂ, ದಂಡೆಯ ಹಲವು ಊರುಗಳಲ್ಲಿ ಸಂಘದ ಮಗ್ಗಗಳಿದ್ದವು. ಪ್ರತಿ ಊರಿನಲ್ಲೂ ಹೊಳೆಗೆ ಇಳಿಯುವ ಪಾವಟಿಗೆ, ಅಂದರೆ ಕಲ್ಲಿನ ಮೆಟ್ಟಿಲು, ಇವೆ. ಎಷ್ಟು ಪಾವಟಿಗೆ ಮುಳುಗಿವೆ ಎಂದು ದಿನವೂ ಎಣಿಸಿ ಬಾದಾಮಿಯ ಸಂಘದ ಕಚೇರಿಗೆ ಫೋನು ಮಾಡಬೇಕು. ಅಲ್ಲಿ ಕಂಪ್ಯೂಟರಿನ ಹುಡುಗಿ ಅದನ್ನು ಸೇರಿಸುತ್ತಾಳೆ. ನಾವು ನಮ್ಮ ಕಂಪ್ಯೂಟರಿನಲ್ಲಿ ಆ ಪುಟ ತೆರೆದು ನೋಡುವುದು. ನಮ್ಮ ಮೇಲಿನ ಊರಿಗೆ ಬಂದ ನೀರು ನಮಗೆ ಮುಟ್ಟಲು ಅರ್ಧ ದಿನ ಹಿಡಿಯುತ್ತದೆ. ಅಲ್ಲಿ ಹತ್ತು ಪಾವಟಿಗೆ ಮುಳುಗಿದರೆ ನಮ್ಮ ಮಗ್ಗದ ಮನೆಯ ಅಂಗಳಕ್ಕೆ ನೀರು ಬರುತ್ತದೆಂದು ಹಿರಿಯರಿಗೆಲ್ಲ ಗೊತ್ತಿತ್ತು. ಆ ಅರ್ಧ ದಿನ ನಮ್ಮ ಕೈಗೆ ಸಿಗಲಿ ಎಂಬುದು ಕಾರ್ಯದರ್ಶಿಯ ಲೆಕ್ಕ. ಲೆಕ್ಕದಲ್ಲಿ ತಪ್ಪಿರಲಿಲ್ಲ.

ಹುಡುಗಿ ಬಾಗಲಕೋಟೆಯಲ್ಲಿ ಕಲಿತವಳು, ಚುರುಕು. ಮೊದಲು ಅವಳು ಮಾಡಿದ ಪುಟ ಎಲ್ಲ ಬಂದ ಮೇಲೆಯೇ ತೆರೆಯುತ್ತಿತ್ತು. ಮಳೆಗಾಲ ಶುರುವಾದಾಗಿನಿಂದ ಎಲ್ಲ ಊರಿನ ಎಲ್ಲ ದಿನದ ಸಾಲುಗಳೂ ಅದರಲ್ಲಿದ್ದವು. ನಮ್ಮ ಲೈನಿನಲ್ಲಿ ಅದು ಬರುವುದರೊಳಗೆ ಕಡಿಯುತ್ತಿತ್ತು, ಬಿಳಿಯ ಪರದೆಯೇ ಗತಿ. ಕಾರ್ಯದರ್ಶಿಯೂ ಹುಡುಗಿಯೂ ಒಂದು ದಿನ ಮಗ್ಗದ ಮನೆಗೇ ಬಂದರು.

"ಪೂರಾ ಬರೂತನಕಾ ಬಿಳೀ ಪರದಿ ನೋಡ್ಕೋತ ಕೂಡಂದ್ರ ಹೆಂಗವಾ?" ಎಂದ ಕಾರ್ಯದರ್ಶಿ. "ಸೀರಿ ಚಿತ್ರ ಬರ್ತಾವಲ್ಲ, ಹಂಗ ಬಂದಷ್ಟು ಬಂದಂಗ ತೋರಸು."

"ತೋರಸ್ಬಹುದ್ರಿ ಸರ. ಆದ್ರ ಅದು ತುಂಡ ತುಂಡಾಗಿ ಬರ್ತೈತಿ. ತುಂಡು ಎಲ್ಲಿ ಕಡೀತೈತಿ ಅನ್ನೂದು ನಮ್ಮ ಕೈಯಾಗಿಲ್ಲ. ಕಡೀ ಸಾಲು ಅರ್ಧಾ ಬಂದಿದ್ರ ಅದನ್ನ ತೋರಸೂದು ಬ್ಯಾಡ. ಮುಂದಿನ ತುಂಡು ಬರೂತನಕಾ ಹಿಡದಿಡೂಣು."

ಮೂಲೆಯ ಮಗ್ಗದವಳು ಕುಣಿಯಿಂದಲೇ ಕೂಗಿದಳು. ಅವಳಿಗೆ ಒಂದು ಕಾಲು ಸಣ್ಣದು. ಕುಣಿಗೆ ಇಳಿಯುವುದಕ್ಕೂ ಏರುವುದಕ್ಕೂ ಇಬ್ಬರು ಕೈ ಕೊಡಬೇಕು, ಬಾಯಿಗೆ ಮಾತ್ರ ಯಾರ ಆಸರೆಯೂ ಬೇಡ. "ಬಂದದ್ದ ಮುಚ್ಚಿಟ್ಕೊಂಡ ಏನ ಮಾಡ್ತೀಯೇ ಹುಡುಗಿ? ಉಪ್ಪಿನಕಾಯಿ ಹಾಕ್ತೀ ಏನು? ತೋರಸ, ನಿಂದೇನ ಗಂಟ ಹೋಗ್ತೈತಿ?"

ಎಲ್ಲರೂ ನಕ್ಕರು. ಹುಡುಗಿಯೂ ನಕ್ಕು ಒಪ್ಪಿಕೊಂಡಳು.

ಅವಳು ಮಾಡಿದ್ದು ಇಷ್ಟು. ತಂತಿಯಲ್ಲಿ ಬರುವುದು ಒಂದೇ ಉದ್ದನೆಯ ಬರಹ. ಪುಟದೊಳಗೆ ಒಂದು ಸಣ್ಣ ಪ್ರೋಗ್ರಾಮು ಕೂತು ಎಷ್ಟು ಬಂತು, ಎಷ್ಟು ಬಂತು ಎಂದು ಮೇಲಿಂದ ಮೇಲೆ ನೋಡುತ್ತದೆ. ಬಂದಷ್ಟನ್ನು ಸಾಲು ಮುಗಿದ ಗುರುತಿದ್ದಲ್ಲಿ ಕತ್ತರಿಸಿ ಒಂದರ ಕೆಳಗೊಂದು ಇಡುತ್ತದೆ. ಲೈನು ಕಡಿದು ಮತ್ತೆ ಹತ್ತಿದರೆ ಮೊದಲಿನಿಂದ ಕೇಳದೆ ಬಿಟ್ಟಲ್ಲಿಂದ ಮುಂದೆ ಕೇಳುತ್ತದೆ. ಇದು ಸುಮ್ಮನೆ ಆಗಲಿಲ್ಲ. ಮೊದಲ ಸಲ ಒಂದೇ ಸಾಲು ಎರಡೆರಡು ಬಂತು. ಸರಿಮಾಡಿದಳು. ಆಮೇಲೆ ಎರಡು ತುಂಡುಗಳ ನಡುವೆ ಸಿಕ್ಕ ಕನ್ನಡದ ಅಕ್ಷರ ಮುರಿದು, ಅದರ ಜಾಗದಲ್ಲಿ ಬರೀ ಚೌಕ ಕಾಣಿಸತೊಡಗಿತು. "ಊರಿನ ಹೆಸರಾಗ ಡಬ್ಬಿ ಬಂದಾವ ನೋಡ್ರಿ" ಎಂದು ಸೊಸೆ ಫೋನು ಮಾಡಿದಳು. ಅದನ್ನೂ ಹುಡುಗಿ ಸರಿಮಾಡಿದಳು. ಅಕ್ಷರ ಮುರಿದರೆ ಚೌಕ ಕಂಡು ಗೊತ್ತಾಗುತ್ತಿತ್ತು. ಅಂಕಿ ಮುರಿದರೆ ಏನು ಕಾಣುತ್ತದೆಂದು ಯಾರೂ ಕೇಳಲಿಲ್ಲ. ಸಾಲುಗಳ ಕ್ರಮವನ್ನೂ ಯಾರೂ ಕೇಳಲಿಲ್ಲ. ಹಳೆಯ ದಿನ ಮೇಲೆ, ಹೊಸ ದಿನ ಕೆಳಗೆ; ಒಂದೇ ದಿನದೊಳಗೆ ಹೊಳೆಯ ಮೇಲಿನ ಊರು ಮೊದಲು, ಕೆಳಗಿನದು ಆಮೇಲೆ. ಇವತ್ತಿನ ಸುದ್ದಿ ಯಾವಾಗಲೂ ಬಾಲದ ತುದಿಗೆ.

ಆ ದಿನ ನಮ್ಮಲ್ಲಿ ಒಂದು ಹನಿ ಮಳೆ ಇರಲಿಲ್ಲ. ಬಿಸಿಲು ಚುರುಚುರು ಅನ್ನುತ್ತಿತ್ತು. ಬೆಳಿಗ್ಗೆ ಪಾವಟಿಗೆ ಎಣಿಸಲು ಹೋದಾಗ ಹೊಳೆಯ ಬಣ್ಣ ನನಗೆ ಹಿಡಿಸಲಿಲ್ಲ. ಹಿಂದಿನ ದಿನ ಬೂದಿ ಬಣ್ಣ ಇತ್ತು, ಅವತ್ತು ಇಟ್ಟಿಗೆಯ ಪುಡಿ ಕಲಸಿದಂತೆ. ನಡುಹೊಳೆಯಲ್ಲಿ ನೊರೆ ಸಾಲಾಗಿ ಹೋಗುತ್ತಿತ್ತು. ಸಪ್ಪಳವೇ ಇಲ್ಲ. ಅಗಸರ ಕಲ್ಲಿನ ಮೇಲೆ ಯಾರೂ ಇರಲಿಲ್ಲ. ನಮ್ಮಲ್ಲಿ ಮುಳುಗಿದ್ದು ಮೂರು ಪಾವಟಿಗೆ. ಮೂರಕ್ಕೆ ಯಾರೂ ಹೆದರುವುದಿಲ್ಲ. ಆದರೂ ಬಾದಾಮಿಗೆ ಫೋನು ಮಾಡಿ ಹೇಳಿ, ಮೇಲಿನ ಊರಿನದು ಎಷ್ಟು ಎಂದು ಕೇಳಿದೆ. ಆ ಊರಿನವರು ಇನ್ನೂ ಹೇಳಿರಲಿಲ್ಲ.

ಹೊತ್ತು ಏರುತ್ತಿದ್ದಂತೆ ಕಚೇರಿಯ ಫೋನು ಹತ್ತದಾಯಿತು. ಎಲ್ಲ ಊರಿನವರೂ ಅದೇ ನಂಬರಿಗೆ ಬಡಿಯುತ್ತಿದ್ದರು. ಸೊಸೆ ಕಂಪ್ಯೂಟರು ಹಚ್ಚಿದಳು. ಅದನ್ನು ಹಚ್ಚಿದರೆ ನಮ್ಮ ಫೋನೂ ಹೋಯಿತು, ಎರಡಕ್ಕೂ ಒಂದೇ ತಂತಿ.

ಆಗ ಎಂಟೂ ಮಗ್ಗದ ಮೇಲೆ ಹಾಸು, ಅಂದರೆ ಉದ್ದಕ್ಕೆ ಬಿಗಿದ ಎಳೆಗಳು, ಇತ್ತು. ಇಳಕಲ್ ಸೀರೆಗೆ ಒಂದೊಂದು ಸೀರೆಗೂ ಬೇರೆ ಹಾಸು. ಮೈಯ ಎಳೆಗಳೇ ಬೇರೆ, ಸೆರಗಿನ ಕೆಂಪು ರೇಷ್ಮೆಯ ಎಳೆಗಳೇ ಬೇರೆ. ಅದರ ಕುಣಿಕೆಯಲ್ಲಿ ಇದರ ಕುಣಿಕೆ ಸಿಕ್ಕಿಸಿ ಎರಡನ್ನೂ ಕೂಡಿಸಬೇಕು, ಒಂದೊಂದಾಗಿ, ಈ ದಡಿಯಿಂದ ಆ ದಡಿತನಕ. ಇದಕ್ಕೆ ಕೊಂಡಿ ಅನ್ನುತ್ತೇವೆ. ನಮ್ಮ ಮಗ್ಗದ ಮನೆಯಲ್ಲಿ ಒಂದು ಕಟ್ಟಳೆ ಇತ್ತು. ಕೊಂಡಿ ಕೂಡಿಸಲು ಕೂತವಳನ್ನು ಯಾರೂ ಮಾತಾಡಿಸುವುದಿಲ್ಲ, ಅವಳೂ ಯಾರನ್ನೂ ಮಾತಾಡಿಸುವುದಿಲ್ಲ. ಮಾತಾಡಿದರೆ ಎಣಿಕೆ ತಪ್ಪುತ್ತದೆ, ಎಣಿಕೆ ತಪ್ಪಿದರೆ ಸೆರಗು ಸೊಟ್ಟ. ಅವತ್ತು ಕೊಂಡಿಗೆ ಕೂತವಳು ಮೂಲೆಯ ಮಗ್ಗದವಳು. ಅವಳ ಮಗಳ ಮದುವೆ ಗೊತ್ತಾಗಿತ್ತು, ಆ ಸೀರೆ ಮಗಳಿಗೆ. ಸಂಘಕ್ಕೆ ಹೇಳಿ, ತನ್ನ ರೇಷ್ಮೆ ತಾನೇ ತಂದು ಹಾಕಿದ್ದಳು. ಹಾಸು ಕಡಿದರೆ ಕೊಂಡಿ ಹೋಯಿತು, ಸೆರಗಿನ ರೇಷ್ಮೆ ಹೋಯಿತು. ಕಡಿಯದೆ ಹೊಳೆ ಬಂದರೆ ಹಾಸಿನ ಜೊತೆ ಮಗ್ಗವೂ ಹೋಯಿತು.

ಸೊಸೆ ಪರದೆಯ ಮುಂದೆ, ಉಳಿದವರು ಅವಳ ಬೆನ್ನಿಗೆ. ಹಳೆಯ ಸಾಲುಗಳು ಇಳಿದವು. ಹೋದ ತಿಂಗಳದ್ದು, ಹೋದ ವಾರದ್ದು, ನಿನ್ನೆಯದು. ಕೆಳಗೆ ಇವತ್ತಿನ ದಿನಾಂಕ ಬಂತು, ಮೇಲಿನ ಊರಿನ ಹೆಸರು ಬಂತು, ಅದರ ಮುಂದೆ ಅಂಕಿ ಬಂತು. ಅಲ್ಲಿಗೆ ನಿಂತಿತು.

"ಒಂದ್ರಿ ಅತ್ತಿ! ಒಂದೇ ಪಾವಟಿಗಿ!"

"ಒಂದಾ? ನಿನ್ನಿ ಎಷ್ಟಿತ್ತು?"

"ನಿನ್ನಿ ಎರಡಿತ್ರಿ. ಇಳದೈತಿ ನೋಡ್ರಿ."

ನಾನೂ ಕನ್ನಡಕ ಏರಿಸಿ ನೋಡಿದೆ. ಒಂದೇ. ಚೌಕವಿಲ್ಲ, ಏನಿಲ್ಲ, ಅಚ್ಚುಕಟ್ಟಾದ ಒಂದು. ಒಬ್ಬಳು ಚಪ್ಪಾಳೆ ತಟ್ಟಿದಳು. ಇನ್ನೊಬ್ಬಳು, "ಆಯಿ ಮುಂಜಾನಿಂದ ಮಾರಿ ಗಂಟ ಹಾಕ್ಕೊಂಡ ಕುಂತಿದ್ಲು, ಈಗರ ಬಿಚ್ಚವಾ" ಎಂದು ನನ್ನನ್ನೇ ಆಡಿಕೊಂಡಳು. ನಕ್ಕರು. ಚಹಾ ಇಟ್ಟರು. ಏಳೂ ಜನ ತಮ್ಮ ತಮ್ಮ ಕುಣಿಗೆ ಇಳಿದರು, ಲಾಳಿಯ ಸಪ್ಪಳ ಶುರುವಾಯಿತು. ಮೂಲೆಯಲ್ಲಿ ಅವಳು ತಲೆ ಎತ್ತಲಿಲ್ಲ. ಕೊಂಡಿಗೆ ಕೂತವಳು ಎತ್ತುವುದಿಲ್ಲ, ಅದಕ್ಕೆ ನಾವೂ ಅತ್ತ ನೋಡಲಿಲ್ಲ.

ಸೊಸೆ ಕಂಪ್ಯೂಟರು ಆರಿಸಲಿಲ್ಲ. ಲೈನು ಕಡಿದಿದೆ ಎಂದು ಅವಳಿಗೆ ಗೊತ್ತಾದದ್ದು ಆಮೇಲೆ. ಮತ್ತೆ ಹಚ್ಚಲು ನೋಡಿದಳು, ಹತ್ತಲಿಲ್ಲ. ಮತ್ತೆ ನೋಡಿದಳು. ನಾನೇ ಅಂದೆ, "ಬಿಡ, ಬೇಕಾದ್ದ ಬಂದೈತಿ, ಕಂಡಿಕಿ ಸುತ್ತು." ಅವಳು ಒಂದು ಕೈಯಲ್ಲಿ ರಾಟಿ ತಿರುಗಿಸುತ್ತ ಇನ್ನೊಂದು ಕೈಯಲ್ಲಿ ಆಗಾಗ ಗುಂಡಿ ಒತ್ತುತ್ತಿದ್ದಳು. ಮೊಂಡು ಹೆಣ್ಣು. ಅವತ್ತು ಅದೇ ಉಪಯೋಗಕ್ಕೆ ಬಂತು.

ತಾಸಿನ ಮೇಲೆ ಕೀ ಕೀ ಎಂದು ಕಿರುಚಿ ಲೈನು ಹತ್ತಿತು. ಆಗ ನಾನು ಅವಳ ಹಿಂದೆಯೇ ನಿಂತಿದ್ದೆ, ಕಂಡಿಕೆ ಒಯ್ಯಲು. ಆ ಒಂದರ ಪಕ್ಕಕ್ಕೆ ನಾಲ್ಕು ಬಂದು ಕೂತಿತು. ಯಾರೂ ಮುಟ್ಟಲಿಲ್ಲ, ಯಾವ ಸಪ್ಪಳವೂ ಆಗಲಿಲ್ಲ. ಒಂದು ಇದ್ದದ್ದು ಹದಿನಾಲ್ಕು ಆಯಿತು.

ಸೊಸೆ ರಾಟಿ ನಿಲ್ಲಿಸಿದಳು. "ಅತ್ತಿ."

"ಕಂಡೆ."

"ಮುಂಜಾನೆದ್ದರಿ ಇದು. ಮುಂಜಾನೆದ್ದು."

ಮುಂಜಾನೆಯದಾದರೆ ಅರ್ಧ ದಿನ ಆಗಲೇ ಮುಗಿಯುತ್ತ ಬಂದಿತ್ತು. ನನ್ನ ತಲೆಗೆ ಮೊದಲು ಬಂದದ್ದು ಇನ್ನೊಂದು. ಒಂದು ಹದಿನಾಲ್ಕಾಗುವುದಾದರೆ ಈ ಹದಿನಾಲ್ಕನ್ನಾದರೂ ಹೇಗೆ ನಂಬುವುದು? ಇದರ ಮುಂದೆಯೂ ಏನಾದರೂ ಬರುವುದಿದ್ದರೆ? ಎಂಟು ಹಾಸು ಕಡಿಸಿ, ಹೊಳೆ ಬರದಿದ್ದರೆ ಈ ಹೆಂಗಸರು ನನ್ನನ್ನು ಮಗ್ಗದ ಮನೆಯ ಹೊಸ್ತಿಲು ತುಳಿಯಗೊಡುವುದಿಲ್ಲ.

"ಇದರ ಕೆಳಗ ಮತ್ತೊಂದು ಸಾಲ ಬಂದೈತೇನ ನೋಡು."

ಸೊಸೆ ನೋಡಿದಳು. "ಬಂದೈತ್ರಿ. ನಮ್ಮೂರಿಂದು. ಮೂರು ಅಂತೈತಿ, ನೀವು ಹೇಳಿದ್ದು."

ಕೆಳಗಿನ ಸಾಲು ಶುರುವಾಗಿದೆ ಅಂದರೆ ಮೇಲಿನ ಸಾಲು ಮುಗಿದಿದೆ. ಹದಿನಾಲ್ಕು ಹದಿನಾಲ್ಕೇ.

"ಲಾಳಿ ಬಿಡ್ರೇ! ಹದಿನಾಕ ಪಾವಟಿಗಿ ಮುಳಗ್ಯಾವ. ಹಾಸ ಕಡೀರಿ, ಹೊರಗ ನಡೀರಿ."

ಯಾರೂ ಏಳಲಿಲ್ಲ. "ಈಗ ಒಂದಂದ್ರಿ, ಈಗ ಹದಿನಾಕಂತೀರಿ" ಎಂದಳು ಒಬ್ಬಳು. ನಾನು ವಾದ ಮಾಡಲಿಲ್ಲ. ಬಾಗಿಲ ಪಕ್ಕದ ಮಗ್ಗ ನನ್ನ ತಂಗಿಯ ಮಗಳದು. ಕತ್ತರಿ ತೆಗೆದುಕೊಂಡು ಅವಳ ಹಾಸನ್ನು ನೇಯ್ದ ಬಟ್ಟೆಯ ಪಕ್ಕಕ್ಕೇ ಕಡಿದೆ. ನನ್ನ ಮನೆಯವರ ಹಾಸೇ ಮೊದಲು ಕಡಿದದ್ದು ಕಂಡ ಮೇಲೆ ಉಳಿದವರು ಎದ್ದರು. ಕಡಿದ ಎಳೆಗಳನ್ನು ಹಿಡಿ ಹಿಡಿಯಾಗಿ ಗಂಟು ಹಾಕುವುದು, ಹಾಸನ್ನು ಸುತ್ತುವುದು, ಮಗ್ಗದ ಹಣಿಗೆ ಬಿಚ್ಚುವುದು, ದಿಬ್ಬದ ಮೇಲಿನ ಸಾಲೆಗೆ ಹೊರುವುದು. ಯಾರೂ ಅಳಲಿಲ್ಲ, ಅಳಲು ಬಿಡುವಿರಲಿಲ್ಲ. ಅಂಗಳದ ತುದಿಯಲ್ಲಿ ಇರುವೆಗಳು ಗೋಡೆ ಹತ್ತುತ್ತಿದ್ದವು. ಬಿಸಿಲು ಹಾಗೆಯೇ ಇತ್ತು.

ಮೂಲೆಯ ಮಗ್ಗಕ್ಕೆ ಕೊನೆಗೆ ಹೋದೆ. ಅವಳು ಇನ್ನೂ ಕುಣಿಕೆ ಸಿಕ್ಕಿಸುತ್ತಲೇ ಇದ್ದಳು. ಮೊದಲು ಕಟ್ಟಳೆ ಮುರಿದವಳು ನಾನೇ.

"ಏಳವಾ."

ತುಟಿ ಅಲ್ಲಾಡಿತು, ಎಣಿಕೆ. ಕೈ ನಿಲ್ಲಲಿಲ್ಲ.

"ಏಳ ಅಂದ್ನಿ. ಹೊಳಿ ಬರಾಕತ್ತೈತಿ."

"ಮುಟ್ಟಬ್ಯಾಡ ಯಕ್ಕಾ. ನಾಕ ಬೆರಳ ಉಳದೈತಿ. ನಾಕ ಬೆರಳ. ಕೂಡಿಸಿ ಏಳ್ತೇನಿ."

ಬಗ್ಗಿ ಕುಣಿಯೊಳಗೆ ನೋಡಿದೆ. ಕಪ್ಪು ನೀರು. ಅವಳ ಸಣ್ಣ ಕಾಲು ಮೀನಖಂಡದ ತನಕ ಅದರಲ್ಲಿತ್ತು. ಸೀರೆಯ ಅಂಚು ತೇಲುತ್ತಿತ್ತು. ನಮ್ಮ ನೆಲದಲ್ಲಿ ಹೊಳೆ ದಂಡೆ ಏರುವ ಮೊದಲು ಒಳಗಿಂದ ಒಸರುತ್ತದೆ. ಮೂಲೆಯ ಕುಣಿ ಎಲ್ಲಕ್ಕಿಂತ ಆಳ, ಎಲ್ಲಕ್ಕಿಂತ ಹೊಳೆಗೆ ಹತ್ತಿರ.

"ಈ ನೀರ ಯಾವಾಗ ಬಂತು?"

"ನೀವೆಲ್ಲಾ ನಗಾಡಾಕತ್ತಿದ್ರಲ್ಲ. ಆವಾಗ ತಂಪ ಹತ್ತಿತ್ತು."

"ಹೇಳಾಕ ಏನಾಗಿತ್ತ ನಿನಗ?"

ನನ್ನನ್ನು ಹುಚ್ಚಿಯನ್ನು ನೋಡಿದಂತೆ ನೋಡಿದಳು. "ಕೊಂಡಿಗೆ ಕುಂತಿದ್ನಲ್ಲ."

ಪರದೆ ಒಂದು ಎನ್ನುತ್ತಿದ್ದಾಗ, ನಾವು ಚಹಾ ಕುದಿಸುತ್ತಿದ್ದಾಗ, ಹೊಳೆ ಆಗಲೇ ಮಗ್ಗದ ಮನೆಯೊಳಗೆ ಇತ್ತು. ಗೊತ್ತಿದ್ದವಳು ಒಬ್ಬಳು, ಅವಳು ಮಾತಾಡುವಂತಿರಲಿಲ್ಲ.

ಅವಳು ಮತ್ತೆ ಕೆಳಗೆ ಬಗ್ಗಿದಳು. ಮುಂದಿನ ಕುಣಿಕೆ ಹಿಡಿದಳು. ನಾನು ಕತ್ತರಿ ಹಾಕಿದೆ. ಅವಳ ಹಾಸನ್ನು ಅವಳ ಕೈ ಮೇಲಿಂದಲೇ, ಕೆಂಪು ರೇಷ್ಮೆ ಮೈಗೆ ಕೂಡಿದ ಜಾಗದ ಆಚೆ ಕಡಿದೆ. ಬಿಗಿದ ಎಳೆಗಳು ಟಪ್ಪೆಂದು ಹಿಂದಕ್ಕೆ ಹಾರಿದವು.

"ನಿನ್ನ ಕೈ ಸೇದಿಹೋಗ್ಲಿ" ಎಂದಳು. ಜೋರಾಗಿ ಅನ್ನಲಿಲ್ಲ. ಸೊಸೆಯೂ ನಾನೂ ಕಂಕುಳಿಗೆ ಕೈ ಕೊಟ್ಟು ಎತ್ತಿದೆವು. ಒದ್ದೆ ಸೀರೆ ಭಾರವಿತ್ತು, ಅವಳು ಬೇಕೆಂದೇ ಮೈ ಸಡಿಲ ಬಿಟ್ಟಿದ್ದಳು. ಬಾಗಿಲಿಗೆ ಬರುವಷ್ಟರಲ್ಲಿ ಹಿಂದೆ ಬುಡುಬುಡು ಎಂದಿತು. ಎಂಟೂ ಕುಣಿಗಳಲ್ಲಿ ನೀರು ಗುಳ್ಳೆ ಎಬ್ಬಿಸುತ್ತಿತ್ತು.

ಹೊತ್ತು ಮುಳುಗುವ ಮುಂಚೆ ಹೊಳೆ ಅಂಗಳಕ್ಕೆ ಬಂತು, ಆಮೇಲೆ ಬಾಗಿಲಿಗೆ, ಆಮೇಲೆ ಕಿಟಕಿಗೆ. ಸಾಲೆಯ ಕಟ್ಟೆಯ ಮೇಲೆ ಕೂತು ನೋಡಿದೆವು. ಗದ್ದಲವಿಲ್ಲದೆ ಬಂತು. ಹಿಂದಿನ ಗೋಡೆ ಕೂತುಬಿಟ್ಟಿತು, ಮುದುಕಿ ಕೂತಂತೆ ಮೆಲ್ಲಗೆ. ಎರಡು ಮಗ್ಗ ಹೋದವು. ಕಂಪ್ಯೂಟರು, ಫೋನು ಹೋದವು. ಜನ ಹೋಗಲಿಲ್ಲ. ಮೂಲೆಯ ಮಗ್ಗದವಳು ಕಡಿದ ಹಾಸನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ನಾನು ಕೊಟ್ಟ ಭಕ್ಕರಿ ಮುಟ್ಟಲಿಲ್ಲ, ಸೊಸೆ ಕೊಟ್ಟದ್ದು ತಿಂದಳು.

ಮರುದಿನ ಬೆಳಕು ಹರಿದ ಕೂಡಲೇ ಪಾವಟಿಗೆ ನೋಡಲು ಹೋದೆ. ಪಾವಟಿಗೆಯೂ ಇಲ್ಲ, ಅದರ ಮೇಲಿನ ಬೇವಿನ ಕಟ್ಟೆಯೂ ಇಲ್ಲ. ನಮ್ಮ ನೀರು ಇನ್ನು ಪಟ್ಟದಕಲ್ಲು ದಾಟಿ ಕೆಳಗೆ ಹೋಗುತ್ತದೆ. ಅಲ್ಲಿಯೂ ಸಂಘದ ಮಗ್ಗಗಳಿವೆ, ಅಲ್ಲಿಯೂ ಕುಣಿಗಳಲ್ಲಿ ಹೆಂಗಸರು ಕೂತಿರುತ್ತಾರೆ. ದಿಬ್ಬದ ದಾರಿ ಹಿಡಿದು ಚೊಳಚಗುಡ್ಡಕ್ಕೆ ನಡೆದೆ. ಎಸ್‌ಟಿಡಿ ಬೂತಿನವನನ್ನು ಎಬ್ಬಿಸಿದೆ. ಬಾದಾಮಿಗೆ ಹತ್ತಿತು. ಹುಡುಗಿಯೇ ಎತ್ತಿದಳು.

"ಆಯಿ, ನಿಮ್ಮೂರಾಗ ಯಾರಿಗರ ಏನರ..." ಎಂದು ಅಳಲು ಶುರು ಮಾಡಿದಳು.

"ಅಳೂದು ಆಮ್ಯಾಲೆ. ಬರಕೋ. ನಮ್ಮೂರಿನ ಪಾವಟಿಗಿ ಇಪ್ಪತ್ತೆರಡು. ಇಪ್ಪತ್ತೆರಡೂ ಮುಳಗ್ಯಾವ. ಇವತ್ತಿಂದು ಮ್ಯಾಲ ಹಾಕು, ಹಳೇದೆಲ್ಲಾ ಕೆಳಗ."

"ಹಾಕ್ತೇನ್ರಿ. ಬ್ಯಾರೆ ಊರಿಂದ ಅರ್ಧಾ ಅಂಕಿ ಕಂಡೈತಂತ ಫೋನ್ ಬಂದಿತ್ರಿ. ಸಾಲು ಮುಗೀದ ಹೊರತು ತೋರಸಬಾರದಂತ ನಿನ್ನಿ ಸಂಜಿಕೇನ ಬದಲಾ ಮಾಡೇನ್ರಿ."

"ಮಾಡಿರು."

ನಾನು ಅದನ್ನೂ ನಂಬಲಿಲ್ಲ. ಕೆಳಗಿನ ಊರಿನ ಮಗ್ಗದ ಮನೆಯ ನಂಬರು ಅವಳಿಂದಲೇ ಕೇಳಿ, ಅಲ್ಲಿಗೆ ಹಚ್ಚಿಸಿದೆ. ಯಾರೋ ಹೆಂಗಸು ಎತ್ತಿದಳು. ಹಿಂದೆ ಲಾಳಿಯ ಸಪ್ಪಳ ಕೇಳುತ್ತಿತ್ತು. ನಮ್ಮೂರಿನ ಅಂಕಿ ಹೇಳಿದೆ.

"ಹೂನ್ರಿ, ತಿಳೀತ್ರಿ" ಎಂದಳು.

"ತಿಳದಿದ್ದ ಬ್ಯಾಡ. ನಾ ಹೇಳಿದ್ದು ನನಗ ತಿರುಗಿ ಹೇಳು."

"ಇಪ್ಪತ್ತ್..."

"ಪೂರಾ ಹೇಳು."

"ಇಪ್ಪತ್ತೆರಡ್ರಿ."

"ಈಗ ಕುಣ್ಯಾಗ ಯಾರ ಕುಂತಾರ, ಅವರಿಗೆಲ್ಲಾ ಕೇಳ್ಕೊಂಡ ಬಾ, ಕಾಲಿಗೆ ತಂಪ ಹತ್ತೈತೇನಂತ. ಕೊಂಡಿಗೆ ಕುಂತಾಕಿ ಇದ್ರ ಆಕಿನ್ನ ಮೊದಲ ಮಾತಾಡಸು. ನಾ ಫೋನ್ ಇಡಂಗಿಲ್ಲ."

ಆ ಕಡೆ ಫೋನು ಮೇಜಿನ ಮೇಲಿಟ್ಟ ಸಪ್ಪಳವಾಯಿತು. ಚಪ್ಪಲಿ ದೂರ ಹೋದವು. ಬೂತಿನವನು ಮೀಟರು ತೋರಿಸಿದ. ನಾನು ಅವನಿಗೆ ಬೆನ್ನು ತಿರುಗಿಸಿ ನಿಂತೆ. ಆ ಕಡೆಯ ಲಾಳಿಗಳು ಒಂದೊಂದಾಗಿ ನಿಲ್ಲುವುದನ್ನು, ಕೊನೆಯದೂ ನಿಲ್ಲುವ ತನಕ, ಕೇಳಿದೆ.